ರಜೆಚೀಟಿಗಳಲ್ಲಿ ಸಾಯುತ್ತಿದ್ದ ಸೊಣ್ಣಮ್ಮ

ಕುಂದಾಣದ ಡೈರಿಯ ಮುಂದೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕ್ಯಾನುಗಳ ಸದ್ದಿನ ನಡುವೆ ಸೊಣ್ಣಮ್ಮ ಪಿಳ್ಳಣ್ಣನ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಡುತ್ತಾರೆ. ಹಾಲು ತೆಳ್ಳಗಿದೆ. ಪಿಳ್ಳಣ್ಣ ತಲೆ ಕೆರೆದುಕೊಳ್ಳುತ್ತಾನೆ: “ರಾತ್ರಿಯೆಲ್ಲ ಹಸ ಮಳೇಲಿ ನೆಂದ್ಬಿಟ್ಟಿತ್ತು ಕಣಕ್ಕ.”

“ಹಂಗಾದ್ರೆ ಹಸಾನ ಬಿಸ್ಲಲ್ಲಿ ಒಣಗಿಸ್ಕೊಂಡು ಬಾ, ಹೋಗು,” ಎನ್ನುತ್ತಾರೆ ಸೊಣ್ಣಮ್ಮ. ಸಾಲಿನಲ್ಲಿದ್ದವರು ಗೊಳ್ಳೆಂದು ನಗುತ್ತಾರೆ.

ಆ ನೆಪ ಸಂಜೆಯೊಳಗೆ ‘ನೆಪದಂಗಡಿ’ ಸೇರುತ್ತದೆ. ಅದು ಸೊಣ್ಣಮ್ಮನ ಸೊಸೆ ನವ್ಯಶ್ರೀ ಕಟ್ಟಿರುವ ಪುಟ್ಟ ಜಾಲತಾಣ. ಯಾರಿಗೆ ಏನಾಯಿತು ಎಂಬುದನ್ನು ಅಲ್ಲಿರುವ ಮಾತುಗಳಲ್ಲೇ ಆರಿಸಿ ಒತ್ತಿದರೆ ನಗೆಯ ರಜೆಚೀಟಿ ಸಿದ್ಧ: “ಮಾನ್ಯರೇ, ನಮ್ಮ ಹಸು ಮಳೆಯಲ್ಲಿ ನೆನೆದು, ಒಣಗಲು ತಡವಾಗುತ್ತಿರುವ ಕಾರಣ...” ಓದಿದವರು ನವ್ಯಶ್ರೀಯನ್ನು ಹೊಗಳುತ್ತಾರೆ. ಮುಕ್ಕಾಲು ಪಾಲು ಮಾತು ಅತ್ತೆಯದೆಂದು ಹೊರಗಿನವರಿಗೆ ಗೊತ್ತೇ ಇಲ್ಲ.

“ನಾನೇನು ಬರೆಯೋಳಲ್ಲ ಕಣಪ್ಪಾ. ಇಪ್ಪತ್ತು ವರ್ಷದಿಂದ ಇವ್ರ ನೆಪ ಕೇಳ್ತಾ ಇದ್ದೀನಿ. ಕಿವಿ ತುಂಬೋಗಿತ್ತು, ಸೊಸೆ ಮುಂದೆ ಸುರಿದೆ ಅಷ್ಟೇ,” ಎನ್ನುತ್ತಾರೆ ಸೊಣ್ಣಮ್ಮ.

ಈ ನಗು ಸುಮ್ಮನೆ ಬಂದದ್ದಲ್ಲ. ಗಂಡ ಅಪ್ಪಯ್ಯಣ್ಣ ಬಿದ್ದು ಸೊಂಟ ಮುರಿದುಕೊಂಡಾಗ ಮಗ ಇನ್ನೂ ಚಿಕ್ಕವನು. ಸೊಣ್ಣಮ್ಮ ಡೈರಿ ಕೆಲಸ ಹಿಡಿದದ್ದು ಆಗಲೇ. ಅನುಗೊಂಡನಹಳ್ಳಿಯಿಂದ ಬಂದು, ತಿಂಗಳುಗಟ್ಟಲೆ ಇದ್ದು, ಆ ಮಗುವನ್ನು ಸಾಕಿಕೊಟ್ಟವಳು ತಂಗಿ ಮುನಿಲಕ್ಷ್ಮಮ್ಮ. ಅದೇ ಮಗನ ಮದುವೆಗೆ ಸೊಣ್ಣಮ್ಮ ತಂಗಿಯನ್ನು ಕರೆದದ್ದು ಮಾತ್ರ ಮೊಬೈಲಿನಲ್ಲಿ ಪತ್ರಿಕೆ ಕಳಿಸಿ. ಮನೆಗೆ ಹೋಗಿ ಕುಂಕುಮ ಕೊಡಲಿಲ್ಲ. ಕೆಲಸವಿತ್ತು, ಬಸ್ಸಿರಲಿಲ್ಲ ಎಂದರು. ತಂಗಿ ಮದುವೆಗೂ ಬರಲಿಲ್ಲ, ಆಮೇಲೆ ಮಾತೂ ಆಡಲಿಲ್ಲ.

ನೆಪದಂಗಡಿಗೆ ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ ನೆಪ: ಅಜ್ಜಿ ಸತ್ತರು. ಕಂಡವರ ಅಜ್ಜಿಯನ್ನು ಕೊಲ್ಲಲು ಸೊಣ್ಣಮ್ಮ ಒಪ್ಪಲಿಲ್ಲ. “ಬಿಡ್ತು ಅನ್ನು! ಬೇಕೇ ಬೇಕು ಅಂದ್ರೆ ನನ್ನ ಹೆಸರು ಹಾಕು. ನಾನೇ ಒಪ್ಕೊಂಡಿದ್ದೀನಲ್ಲ,” ಎಂದು ಸೊಸೆಗೆ ಹೇಳಿದರು. ಅಂದಿನಿಂದ “ಕುಂದಾಣದ ಡೈರಿ ಸೊಣ್ಣಮ್ಮ ತೀರಿಕೊಂಡ ಕಾರಣ” ಎಂಬ ಚೀಟಿ ದಿನಕ್ಕೆ ಮೂವತ್ತು ನಲವತ್ತಾದರೂ ಹೊರಟವು. ಡೈರಿಯಲ್ಲಿ ಜನ “ಇವತ್ತೆಷ್ಟು ಸಲ ಹೋದೆ ಅಕ್ಕ?” ಎಂದು ಕಿಚಾಯಿಸುತ್ತಿದ್ದರು.

ಹೋದ ತಿಂಗಳು ಅಂಥದೊಂದು ಚೀಟಿ ಮೊಬೈಲಿನಿಂದ ಮೊಬೈಲಿಗೆ ಹಾರಿ ಅನುಗೊಂಡನಹಳ್ಳಿ ಮುಟ್ಟಿತು. ಮರುದಿನ ಬೆಳಗ್ಗೆ ಹಾಲಿನ ಸಾಲಿನ ತುದಿಯಲ್ಲಿ ಆಟೋ ನಿಂತಿತು. ಹೂವಿನ ಹಾರ ಹಿಡಿದು ಎದೆ ಬಡಿದುಕೊಂಡು ಇಳಿದ ಮುನಿಲಕ್ಷ್ಮಮ್ಮನ ಎದುರಿಗೆ ಅಕ್ಕ ಲ್ಯಾಕ್ಟೋಮೀಟರ್ ಹಿಡಿದು ನಿಂತಿದ್ದರು. ಯಾರೂ ನಗಲಿಲ್ಲ.

“ಬದ್ಕಿದ್ದಾಗ ಮನೆಗ್ ಬಂದು ಕರೀಲಿಲ್ಲ ನೀನು. ಸತ್ತೋದೆ ಅಂತ ಓಡ್ಬಂದ್ನಲ್ಲಕ್ಕಾ!” ಎಂದು ತಂಗಿ ಬೆನ್ನಿಗೊಂದು ಗುದ್ದಿ, ಅತ್ತು, ಕಾಫಿಯನ್ನೂ ಕುಡಿಯದೆ ಅದೇ ಆಟೋ ಹತ್ತಿ ಹೋದಳು.

ಆ ನೆಪವನ್ನು ನವ್ಯಶ್ರೀ ಅಂದೇ ತೆಗೆದಳು. ಈಗ ಅಲ್ಲಿ “ಸೊಣ್ಣಮ್ಮ ಬೈದ ಕಾರಣ” ಎಂದಿದೆ. ಆದರೆ ಸೊಣ್ಣಮ್ಮನಿಗೆ ಸಮಾಧಾನವಿಲ್ಲ. ಸೊಸೆಗೆ ಏಳು ತಿಂಗಳು, ಬರುವ ವಾರ ಸೀಮಂತ. ಆ ದಿನ ತಂಗಿ ಬಂದು ಸೊಸೆಗೆ ಬಳೆ ತೊಡಿಸಬೇಕು. ಅವರಿಗಿರುವ ಆಸೆ ಅಷ್ಟೇ.

ಇವತ್ತು ಕೊನೆಯ ಕ್ಯಾನು ಲಾರಿ ಹತ್ತಿದ ಮೇಲೆ ಅವರು ಮನೆಗೆ ಹೋಗುವುದಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು, ಕುಂಕುಮದ ಬಟ್ಟಲಿರುವ ಚೀಲ ಹಿಡಿದು ಅನುಗೊಂಡನಹಳ್ಳಿಯ ಬಸ್ಸಿಗೆ ಕಾದು ನಿಲ್ಲುತ್ತಾರೆ. ಇಷ್ಟು ವರ್ಷ ಮನೆಗೆ ಹೋಗದಿದ್ದಕ್ಕೆ ತಂಗಿಗೆ ಏನು ಹೇಳುತ್ತೀರಿ ಎಂದರೆ ರಸ್ತೆಯ ಕಡೆ ನೋಡುತ್ತಾರೆ.

“ನೆಪ ಎಲ್ಲ ಆ ಅಂಗ್ಡೀಲೇ ಇರ್ಲಿ. ತಪ್ಪಾಯ್ತು ಕಣೇ, ಬಾ ಅಂತೀನಿ.”