ಅಣ್ಣಿಗೇರಿ ಸ್ಟೇಶನ್ನಿನ ಕಥೆ, ಇಂಗ್ಲಿಷಿನಲ್ಲಿ

ಅರವತ್ತೆಂಟನೆಯ ವಯಸ್ಸಿನಲ್ಲಿ ನಾನು ಇಂಗ್ಲಿಷ್ ವ್ಯಾಕರಣ ಕಲಿಯಲು ಕ್ಲಾಸಿಗೆ ಸೇರಿದೆ ಎಂದರೆ ನೀವು ನಗುತ್ತೀರಿ. ನಕ್ಕುಬಿಡಿ, ನನ್ನ ಹೆಂಡತಿ ನಕ್ಕು ಮುಗಿಸಿ ಬಹಳ ದಿನವಾಯಿತು. "ಅರವತ್ತಕ್ಕ ಅರಳು ಮರಳು ಅಂತಾರ, ನಿಮಗ ಸ್ವಲ್ಪ ತಡ ಆತು ನೋಡ್ರಿ" ಎಂದಿದ್ದಳು.

ಹಾಗೆಂದು ನನಗೆ ಇಂಗ್ಲಿಷ್ ಬಾರದು ಎಂದಲ್ಲ. ವಿಮಾ ಕಚೇರಿಯ ನೌಕರಿಯಲ್ಲಿ ವಡೋದರಾ, ಸೂರತ್, ಕೊನೆಗೆ ಅಹಮದಾಬಾದ್ ಎಂದು ಅಲೆದು ಆಯುಷ್ಯವಿಡೀ ಬರೆದದ್ದು ಇಂಗ್ಲಿಷನ್ನೇ. ಆದರೆ ಅದು ಕ್ಲೇಮುಗಳ ಇಂಗ್ಲಿಷು. ಅದರಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ, ಎಲ್ಲವೂ ತಾನಾಗಿ ನಡೆದುಹೋಗಿರುತ್ತದೆ. ಗೋದಾಮಿಗೆ ಬೆಂಕಿ ತಗುಲಿರುತ್ತದೆ, ಎಮ್ಮೆ ಸತ್ತಿರುತ್ತದೆ, ಕಾಗದಪತ್ರ ಲಗತ್ತಿಸಲಾಗಿರುತ್ತದೆ. ಆ ಭಾಷೆಯಲ್ಲಿ ಅವ್ವನ ಕಥೆ ಹೇಳಹೊರಟರೆ ಅವ್ವ ಬದುಕಿ ಓಡಾಡಿದ ಹೆಂಗಸಿನಂತೆ ಕೇಳಿಸುವುದಿಲ್ಲ, ಪರಿಹಾರ ಕೋರಿ ಅರ್ಜಿ ಹಾಕಿದವಳಂತೆ ಕೇಳಿಸುತ್ತಾಳೆ.

ಕಥೆ ಕೇಳಬೇಕಾದವಳು ಮೊಮ್ಮಗಳು ಹೇತ್ವಿ. ನನ್ನ ಮಗ ಸೂರತ್ತಿನ ಕತಾರ್‌ಗಾಮಿನ ಹುಡುಗಿಯನ್ನು ಮದುವೆಯಾದ. ಹೀಗಾಗಿ ಆ ಮಗುವಿಗೆ ತಾಯಿಯ ಜೊತೆ ಗುಜರಾತಿ, ಶಾಲೆಯಲ್ಲಿ ಇಂಗ್ಲಿಷು, ಟೀವಿಯಲ್ಲಿ ಹಿಂದಿ. ಕನ್ನಡದ ಪಾಲಿಗೆ ಉಳಿದದ್ದು ಅಜ್ಜ, ಅಜ್ಜಿ, ಬೇಕು, ಸಾಕು. ನನ್ನ ಗುಜರಾತಿ ಬೆಂಡೆಕಾಯಿ ಕೊಳ್ಳುವುದಕ್ಕೆ ಸಾಕು, ಕಥೆ ಹೇಳುವುದಕ್ಕೆ ಸಾಲದು. ಹೆಂಡತಿಯ ಗುಜರಾತಿಯಂತೂ ಧಾರವಾಡ ಕನ್ನಡ, ಹಿಂದಿ ಎಲ್ಲ ಕಲಸಿದ ಚಿತ್ರಾನ್ನ. ಆದ್ದರಿಂದ ಇಂಗ್ಲಿಷೇ ಗತಿ ಎಂದು ತೀರ್ಮಾನಿಸಿದೆ.

ಕಥೆ ಚಿಕ್ಕದು. ಮದುವೆಯಾಗಿ ಗದಗಿನಿಂದ ಹುಬ್ಬಳ್ಳಿಗೆ ಗಂಡನ ಮನೆಯವರೊಡನೆ ರೈಲಿನಲ್ಲಿ ಹೊರಟ ಅವ್ವ, ಅಣ್ಣಿಗೇರಿಯಲ್ಲಿ ತಂಬಿಗೆಗೆ ನೀರು ತುಂಬಲು ಇಳಿದಳು. ರೈಲು ಹೊರಟುಹೋಯಿತು. ಗಂಡನ ಮನೆಯವರು ಹುಬ್ಬಳ್ಳಿಯಲ್ಲಿ ಇಳಿದು ನೋಡಿದರೆ ಮದುಮಗಳೇ ಇಲ್ಲ. ಸೊಸೆಗೆ ಬೈಯಲೆಂದೇ ಅತ್ತೆ ತಿರುಗಿ ರೈಲು ಹತ್ತಿ ಬಂದಾಗ, ಅವ್ವ ಸ್ಟೇಶನ್ ಮಾಸ್ತರರ ಅಡುಗೆಮನೆಯಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಏನೂ ಆಗದವಳಂತೆ ಅತ್ತೆಯ ಮುಂದೆ ತಾಟು ಸರಿಸಿದಳು. ಬೈಯಲು ಬಂದವರು ಉಂಡು ಎದ್ದರು. ಇಷ್ಟು ಹೇಳಿ ಅವ್ವ, "ಅಷ್ಟಾದ್ರೂ ನಾ ಒಂದು ಹನಿ ಕಣ್ಣೀರು ಹಾಕಲಿಲ್ಲಪಾ" ಎನ್ನುತ್ತಿದ್ದಳು. ಅವಳಿಗೆ ಕಥೆಯಿದ್ದದ್ದೇ ಆ ಒಂದು ಮಾತಿಗಾಗಿ. ಅವಳ ಮಕ್ಕಳಲ್ಲಿ ಈಗ ಉಳಿದವನು ನಾನೊಬ್ಬ. ನಾನು ಹೇಳದೆ ಹೋದರೆ ಅವ್ವನ ಆ ಗಟ್ಟಿತನ ನನ್ನೊಂದಿಗೇ ಹೋಗುತ್ತದೆ ಎಂಬುದೇ ನನ್ನ ಚಿಂತೆ.

ಅಹಮದಾಬಾದಿನಲ್ಲಿ ನಾವಿರುವ ಮಣಿನಗರದಲ್ಲಿ ಇಂಗ್ಲಿಷ್ ಕ್ಲಾಸುಗಳಿಗೆ ಬರವಿಲ್ಲ. ಕರಿದ ತಿಂಡಿ ಮಾರುವ ಫರಸಾಣ್ ಅಂಗಡಿಯ ಮೇಲೊಂದು, ಔಷಧಿ ಅಂಗಡಿಯ ಮೇಲೊಂದು. ಎಲ್ಲವೂ ಕೆನಡಾಕ್ಕೆ ಹೊರಟವರಿಗಾಗಿ. ಕೆಳಗಿನಿಂದ ಫಾಫಡಾ ಕರಿಯುವ ವಾಸನೆ ಬರುವ ಕ್ಲಾಸನ್ನು ನಾನು ಆರಿಸಿಕೊಂಡೆ. ಮೊದಲ ದಿನ ಮೇಡಂ ಯಾರು ಯಾತಕ್ಕೆ ಬಂದಿದ್ದೀರಿ ಎಂದು ಕೇಳಿದಳು. ವೀಸಾ ಎಂದ ಒಬ್ಬ. ವೀಸಾ ಎಂದಳು ಇನ್ನೊಬ್ಬಳು. ನಾನು ಅವ್ವನ ಕಥೆ ಹೇಳುವುದಕ್ಕೆ ಎಂದೆ. ಇನ್ನೂ ಹುಡುಗಿಯಂತಿದ್ದ ಮೇಡಂ ನನ್ನನ್ನು ವೀಸಾ ನಿರಾಕರಿಸಲ್ಪಟ್ಟವನನ್ನು ನೋಡುವಂತೆ ನೋಡಿದಳು. ಆದರೂ ತಾಳ್ಮೆಯಿಂದ ಕಲಿಸಿದಳು. ಇಂಗ್ಲಿಷಿನವರಿಗೆ ಕಳೆದುಹೋದದ್ದರಲ್ಲೂ ದರ್ಜೆಗಳಿವೆ: ಕಳೆದದ್ದು, ಕಳೆಯುತ್ತಿದ್ದದ್ದು, ಕಳೆದದ್ದಕ್ಕಿಂತ ಮೊದಲೇ ಕಳೆದುಹೋಗಿದ್ದದ್ದು. ನಮ್ಮ ಅವ್ವಂದಿರು ಹೋದ್ಲು, ಬಂದ್ಲು, ಅಂದ್ಲು ಎಂಬಷ್ಟರಲ್ಲೇ ಮೂರು ತಲೆಮಾರು ದಾಟಿಸುತ್ತಿದ್ದರು.

ದೀಪಾವಳಿ ರಜೆಯಲ್ಲಿ ಹೇತ್ವಿಯನ್ನು ಕೂರಿಸಿಕೊಂಡು ಕಥೆ ಹೇಳಿದೆ. ಒಂದು ತಪ್ಪೂ ಆಗಲಿಲ್ಲ. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದು ಶಾಲೆಯಲ್ಲಿ ಕಲಿಸಿದ್ದಾರೆ. ಮಗು ಕೈಕಟ್ಟಿ, ತುಟಿ ಬಿಗಿದು ಕೇಳಿತು. ಮುಗಿದ ಮೇಲೆ ಚಪ್ಪಾಳೆ ತಟ್ಟಿ, ಥ್ಯಾಂಕ್ಯೂ ಹೇಳಿ, ಆಡಲು ಓಡಿತು. ಭಾಷಣ ಸ್ಪರ್ಧೆಯಲ್ಲಿ ಸಮಾಧಾನಕರ ಬಹುಮಾನ ಬಂದವನ ಹಾಗೆ ನಾನು ಕೂತೇ ಇದ್ದೆ. ಬೇಸರವಾಯಿತು ಎಂದರೆ ಕಡಿಮೆಯಾಗುತ್ತದೆ.

ಚಳಿಗಾಲದಲ್ಲಿ ಸೂರತ್ತಿನಿಂದ ನಮ್ಮ ಬೀಗಿತ್ತಿ, ಎಂದರೆ ಸೊಸೆಯ ತಾಯಿ, ಬಂದರು. ಉಂಧಿಯು ಎಂಬ ಅವರ ಕಡೆಯ ಪಲ್ಯ ಮಾಡಲು ಹಸಿ ತೊಗರಿಕಾಯಿ ಸುಲಿಯುತ್ತ ಕೂತಾಗ ನನ್ನ ಹೆಂಡತಿ ತನ್ನ ಚಿತ್ರಾನ್ನದ ಭಾಷೆಯಲ್ಲಿ ಅದೇ ಅಣ್ಣಿಗೇರಿಯ ಕಥೆ ತೆಗೆದಳು. ಬೀಗಿತ್ತಿಗೆ ಅರ್ಧ ತಿಳಿಯಿತೋ ಇಲ್ಲವೋ. ಆದರೆ ಹೂಂಗುಟ್ಟುವವರಿಲ್ಲದೆ ಕಥೆ ಮುಂದೆ ಹೋಗಬಾರದೆಂಬುದು ನಮ್ಮಲ್ಲಿದ್ದಂತೆ ಅವರಲ್ಲೂ ರೂಢಿ. ಮಾತಿಗೊಮ್ಮೆ "ಹಂ... ಪಛೀ?" ಎನ್ನುತ್ತಿದ್ದರು, ಆಮೇಲೆ ಏನಾಯಿತು ಎಂದು. ಆ ಒಂದೊಂದು ಹೂಂಗುಟ್ಟುವಿಕೆಗೂ ನನ್ನ ಹೆಂಡತಿಗೆ ಹುರುಪು ಏರುತ್ತಿತ್ತು. ನೀರು ಕುಡಿಯಲು ಬಂದ ಹೇತ್ವಿ ಅಲ್ಲೇ ಕೂತಳು. ಒಂದು ಕಾಯಿ ಸುಲಿದಳು. ತಾನೂ ಹೂಂ ಎನ್ನತೊಡಗಿದಳು.

ಹುರುಪಿನಲ್ಲಿ ಹೆಂಡತಿ ಅವ್ವನನ್ನು ಸ್ಟೇಶನ್ನಿನ ಕಲ್ಲುಬೆಂಚಿನ ಮೇಲೆ ಕೂರಿಸಿ ಅಳಿಸಿಬಿಟ್ಟಳು. ಬಿಕ್ಕಿ ಬಿಕ್ಕಿ ಅತ್ತಳಂತೆ ಅವ್ವ. ಮಾಸ್ತರರ ಹೆಂಡತಿ ಸೆರಗಿನಿಂದ ಕಣ್ಣೊರೆಸಿದಳಂತೆ. ಬೀಗಿತ್ತಿಯ ಕಣ್ಣೂ ತೇವವಾಯಿತು. ಹೇತ್ವಿ ಕಾಯಿ ಸುಲಿಯುವುದನ್ನು ಬಿಟ್ಟು ಅಜ್ಜಿಯ ಮೊಣಕಾಲಿಗೆ ಒರಗಿಕೊಂಡಳು.

ಇದು ಸುಳ್ಳು, ಅವ್ವ ಅಳಲೇ ಇಲ್ಲ ಎನ್ನಲು ನಾನು ಬಾಯಿ ತೆರೆದೆ. ಹೆಂಡತಿ ಮಾತು ನಿಲ್ಲಿಸಿದಳು. ಹೇತ್ವಿ ನನ್ನ ಕಡೆ ತಿರುಗಿ, ಗುಜರಾತಿಯ ಬಾಲ ಹಚ್ಚಿದ ಕನ್ನಡದಲ್ಲಿ, "ಅಜ್ಜಾ, ಹೂಂ ಮಾಡು ನೆ. ಅಜ್ಜಿ ಸ್ಟಾಪ್ ಆಗತದ" ಎಂದಳು.

ನಾನು ಹೂಂ ಎಂದೆ. ಕಥೆ ಮುಂದೆ ಹೋಯಿತು.

ಈಗ ಹೇತ್ವಿ ಆ ಕಥೆಯನ್ನು ತನ್ನ ಗೆಳತಿಯರಿಗೆಲ್ಲ ಹೇಳುತ್ತಾಳೆ. ಅವ್ವ ಪ್ರತಿ ಸಲವೂ ಅಳುತ್ತಾಳೆ, ಮಕ್ಕಳು ಹೂಂ ಎನ್ನುತ್ತಾರೆ. ಅವಳು ಅಳಲಿಲ್ಲ ಎಂಬುದನ್ನು ನೆನಪಿಟ್ಟುಕೊಂಡವನು ನಾನೊಬ್ಬನೇ. ನನ್ನ ಹತ್ತಿರ ಅದು ಒಳ್ಳೆಯ ಇಂಗ್ಲಿಷಿನಲ್ಲಿದೆ.