ವಿಡಿಯೋದಿಂದ ಮುಖ ಹೆಕ್ಕಿಕೊಡುವ ಫೋಟೋ ಅಕ್ಕ

ಬೆಳಕು ಇನ್ನೂ ಬೀದಿಗೆ ಇಳಿದಿಲ್ಲ. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ, ಔಷಧಿ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ ಸಿಕ್ಕಿಕೊಂಡಿರುವ ಪುಟ್ಟ ಸ್ಟುಡಿಯೋದಲ್ಲಿ ಮಾತ್ರ ಕಂಪ್ಯೂಟರ್ ಪರದೆ ಬೆಳಗುತ್ತಿದೆ. ಪರದೆಯ ಮೇಲೆ ಅಜ್ಜನೊಬ್ಬ ಮೊಮ್ಮಗಳ ಸೈಕಲ್ ಹಿಂದೆ ಓಡುತ್ತಿದ್ದಾನೆ. ಅಂಗಡಿಯೊಡತಿ ಬಾಣದ ಗುರುತಿನ ಕೀಲಿಯನ್ನು ಒಂದೊಂದೇ ಸಲ ಒತ್ತುತ್ತಾರೆ. ಒತ್ತಿದಷ್ಟೇ ಅಜ್ಜ ಅಲುಗುತ್ತಾನೆ. ಕಣ್ಣು ಮುಚ್ಚಿದೆ, ಮುಂದಕ್ಕೆ. ಬಾಯಿ ಸೊಟ್ಟಗಿದೆ, ಮುಂದಕ್ಕೆ. ಆಮೇಲೆ ಬೆರಳು ತಾನಾಗಿ ನಿಲ್ಲುತ್ತದೆ. ಅಜ್ಜ ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದಾನೆ.

"ಎದುರು ಕಟ್ಟಡದ ಮೇಲಿಂದ ಬಿಸಿಲು ಬಂತು ಅಂದ್ರೆ ಪರದೆ ತುಂಬಾ ನನ್ನ ಮುಖವೇ ಕಾಣುತ್ತೆ. ನನ್ನ ಮುಖ ನೋಡ್ಕೊಂಡು ಏನ್ ಮಾಡ್ಲಿ? ಅದಕ್ಕೇ ಬೇಗ ಬಂದುಬಿಡ್ತೀನಿ" ಎನ್ನುತ್ತಾರೆ ಆಕೆ.

ಓಣಿಯವರೆಲ್ಲ ಕರೆಯುವುದು ಫೋಟೋ ಅಕ್ಕ ಎಂದೇ. ಜನ ತರುವ ಮೊಬೈಲ್ ವಿಡಿಯೋಗಳಿಂದ ಒಂದು ಒಳ್ಳೆಯ ಚಿತ್ರವನ್ನು ಹೆಕ್ಕಿ, ಪ್ರಿಂಟ್ ಹಾಕಿ ಕೊಡುವುದು ಅವರ ಕೆಲಸ. ಕೇಳಲು ಸುಲಭ. ಆದರೆ ಒಂದು ಸೆಕೆಂಡಿನ ವಿಡಿಯೋದಲ್ಲೇ ಮೂವತ್ತರಷ್ಟು ಚಿತ್ರಗಳಿರುತ್ತವೆ. ಅರ್ಧಕ್ಕರ್ಧ ಮಸುಕು, ಉಳಿದವುಗಳಲ್ಲಿ ಅರೆಗಣ್ಣು. ಫಾರ್ವರ್ಡ್ ಆಗಿ ಬಂದ ವಿಡಿಯೋ ತಂದವರನ್ನು ಅಕ್ಕ ವಾಪಸ್ ಕಳಿಸುತ್ತಾರೆ. "ಅದು ಮೂರನೇ ಸಲ ಕುದಿಸಿದ ಟೀಪುಡಿ ಇದ್ದಂಗೆ, ಬರೀ ನೀರು. ಯಾರ ಫೋನಲ್ಲಿ ತೆಗೆದಿದ್ದೋ ಆ ಫೋನೇ ತನ್ನಿ ಅಂತೀನಿ."

ಈ ಸ್ಟುಡಿಯೋ ಅವರ ಗಂಡ ಶುರು ಮಾಡಿದ್ದು. ಅವರು ಕ್ಯಾಮೆರಾ ಹಿಡಿದರೆ ಅಕ್ಕ ಲೈಟು ಹಿಡಿಯುತ್ತಿದ್ದರು. ಸಕ್ಕರೆ ಕಾಯಿಲೆ ಮೊದಲು ಗಂಡನ ಎಡಗಣ್ಣು ಕಸಿಯಿತು, ವರ್ಷ ಕಳೆಯುವಷ್ಟರಲ್ಲಿ ಬಲಗಣ್ಣನ್ನೂ. ಅಂಗಡಿ ಮಾರಿಬಿಡಿ ಎಂದವರೇ ಹೆಚ್ಚು. ಮೌಸ್ ಹಿಡಿದೂ ಗೊತ್ತಿರದ ಹೆಂಡತಿಗೆ ಗಂಡ ಕತ್ತಲೆಯಲ್ಲೇ ಕುಳಿತು ಬಾಯಿಪಾಠದಂತೆ ಹೇಳಿಕೊಟ್ಟರು. "ಎಡಗಡೆ ಮೇಲೆ ಏನಿದೆ ಓದು, ಅದರ ಕೆಳಗೆ ಏನಿದೆ ಓದು ಅನ್ನೋರು. ನಾನು ತಪ್ಪು ಓದಿದ್ರೂ ಒಂದು ದಿನ ಗದರ್ಲಿಲ್ಲ. ಆ ಋಣ ದೊಡ್ಡದು" ಎಂದು ಅಕ್ಕ ಮೆಲ್ಲಗೆ ಹೇಳುತ್ತಾರೆ.

ಪಕ್ಕದ ಸ್ಟೂಲಿನ ಮೇಲಿರುವ ಗಂಡನ ಕಿವಿ ಮಾತ್ರ ಚುರುಕು. "ಗದರೋಕೆ ಧೈರ್ಯ ಬೇಕಲ್ಲ? ಊಟ ಇವಳ ಕೈಲೇ ಆಗ್ಬೇಕು."

ಹೋದ ವರ್ಷ ವೆಲ್ಡಿಂಗ್ ಕೆಲಸದವರೊಬ್ಬರು ಒಡೆದ ಗಾಜಿನ ಫೋನ್ ಹಿಡಿದು ಬಂದರು. ಜ್ವರ ಎಂದು ಮಲಗಿದ ಹೆಂಡತಿ ಆಸ್ಪತ್ರೆಯಿಂದ ಮನೆಗೆ ಮರಳಿರಲಿಲ್ಲ. ನಾಲ್ಕು ವರ್ಷದ ಮಗಳು ಅಮ್ಮನ ಮುಖ ಮರೆಯತೊಡಗಿದ್ದಳು. ಮದುವೆಯ ಆಲ್ಬಮ್ ಹಳೆಯ ಬಾಡಿಗೆ ಮನೆಯ ಸೋರುವ ಗೋಡೆಗೆ ಬಲಿಯಾಗಿತ್ತು. ಉಳಿದದ್ದು ಗುರುತಿನ ಚೀಟಿಯ ಫೋಟೋ. ಅದನ್ನು ಕಂಡರೆ ಮಗು ಮುಖ ತಿರುಗಿಸುತ್ತಿತ್ತು.

ಫೋನಿನ ತುಂಬ ವಿಡಿಯೋಗಳಿದ್ದವು. ಆದರೆ ಎಲ್ಲವನ್ನೂ ತೆಗೆದವಳು ಆ ತಾಯಿಯೇ. ಮಗು ಅಂಬೆಗಾಲಿಟ್ಟದ್ದು, ಬಕೆಟ್ಟಿನಲ್ಲಿ ಕುಳಿತದ್ದು, ಅಪ್ಪನ ಚಪ್ಪಲಿ ಹಾಕಿ ನಡೆದದ್ದು ಎಲ್ಲ ಇತ್ತು. ಅಮ್ಮನದು ಮಾತ್ರ ಬರೀ ದನಿ. ಎಲ್ಲೋ ಒಂದು ಬಳೆಗೈ, ಎಲ್ಲೋ ಸೀರೆಯ ಅಂಚು.

"ಇಲ್ಲ ಅನ್ನೋಕೆ ನಾಲಿಗೆ ಬರ್ಲಿಲ್ಲ. ನಾಳೆ ಬಾಪ್ಪ ಅಂದೆ. ನಾಲ್ಕು ದಿನ ಬರೀ ನಾಳೆ ಬಾ ಅಂದಿದ್ದೇ ಆಯ್ತು" ಎಂದು ಅಕ್ಕ ನೆನೆಯುತ್ತಾರೆ.

ದಾರಿ ತೋರಿದ್ದು ಗಂಡನ ಕಿವಿ. ಮಗು ಕಪಾಟಿನ ಕನ್ನಡಿಯ ಮುಂದೆ ಕುಣಿಯುವ ವಿಡಿಯೋ ಓಡುತ್ತಿತ್ತು. ಕನ್ನಡಿಯಲ್ಲಿ ತಾಯಿ ಇದ್ದಳು, ಆದರೆ ಮುಖಕ್ಕೆ ಫೋನ್ ಅಡ್ಡ. ಕೊನೆಯಲ್ಲಿ "ಸಾಕು ಚಿನ್ನಾ" ಎಂಬ ದನಿ.

"ಅವಳ ದನಿ ಬಗ್ಗಿತು" ಎಂದರು ಗಂಡ. "ಫೋನ್ ನಿಲ್ಲಿಸೋಕೆ ತಲೆ ತಗ್ಗಿಸಿದ್ದಾಳೆ. ಅಂದ್ರೆ ಕೈ ಇಳಿಸಿರ್ಬೇಕು. ಆ ಮಾತು ಮುಗಿದಲ್ಲಿ ನೋಡು."

ಅಕ್ಕ ಒಂದೊಂದೇ ಚಿತ್ರ ಸರಿಸಿದರು. ಫೋನ್ ಎದೆಯ ಮಟ್ಟಕ್ಕೆ ಇಳಿಯಿತು. ಬಟನ್ ಒತ್ತುವ ಮುನ್ನ ತಾಯಿ ಕನ್ನಡಿಯಲ್ಲಿ ಮಗಳನ್ನು ನೋಡಿ ನಕ್ಕಿದ್ದಳು. ಕಣ್ಣು ತೆರೆದಿದ್ದ, ಕೈ ನಡುಗದ ಚಿತ್ರ ಒಂದೇ ಒಂದು.

ಆ ಖುಷಿಯಲ್ಲೇ ಎಡವಟ್ಟಾಯಿತು. ಚಿತ್ರ ತರಿತರಿಯಾಗಿದೆಯೆಂದು ಅಕ್ಕ ಸಾಫ್ಟ್‌ವೇರಿನಿಂದ ಅದನ್ನು ನುಣುಪು ಮಾಡಿದರು. ಪ್ರಿಂಟ್ ಮನೆಗೆ ಹೋಯಿತು, ಮರುದಿನ ಬೆಳಿಗ್ಗೆ ಅಪ್ಪ ಮಗಳನ್ನೇ ಎತ್ತಿಕೊಂಡು ಬಂದರು. ಮಗು ಫೋಟೋ ತೋರಿಸಿ "ಇದು ಯಾರು?" ಎನ್ನುತ್ತಿತ್ತು. ಹುಬ್ಬಿನ ಮೇಲಿನ ಹಳೆಯ ಗಾಯದ ಕಲೆ, ಕೆನ್ನೆಯ ಮೊಡವೆಯ ಗುರುತು, ಎಲ್ಲವನ್ನೂ ಸಾಫ್ಟ್‌ವೇರ್ ಒರೆಸಿಹಾಕಿತ್ತು.

"ಕಪಾಳಕ್ಕೆ ಹೊಡೆದಂಗಾಯ್ತು" ಎನ್ನುತ್ತಾರೆ ಅಕ್ಕ. ಕೂಡಲೇ ಮೂಲ ಚಿತ್ರವನ್ನು ಇದ್ದ ಹಾಗೆಯೇ ತೆಗೆದು, ಬೆಳಕನ್ನಷ್ಟೇ ತುಸು ಏರಿಸಿ ಪ್ರಿಂಟ್ ಹಾಕಿದರು. ಶಾಯಿ ಆರುವ ಮೊದಲೇ ಮಗು ಕೈ ಚಾಚಿತು. ಹುಬ್ಬಿನ ಕಲೆಯ ಮೇಲೆ ಬೆರಳಿಟ್ಟು, "ಅಮ್ಮಂಗೆ ಇಲ್ಲಿ ಉವ್ವಾ" ಎಂದಿತು.

ಮೇಷ್ಟ್ರೊಬ್ಬರ ಮನೆಗೆ ಗೇಟು ಮಾಡುತ್ತಿದ್ದ ಆ ತಂದೆಯನ್ನು ನಾನು ಕಂಡಾಗ, ಅವರು ಮುಖಗವಸು ಮೇಲೆತ್ತಿ ಮಾತಿಗಿಳಿದರು. "ಮಗಳು ದಿನಾ ಮಲಗೋ ಮುಂಚೆ ಅದಕ್ಕೆ ಶಾಲೆ ಸುದ್ದಿ ಹೇಳ್ತಾಳೆ ಸರ್. ಅಕ್ಕ, ಅಣ್ಣ ಇಬ್ಬರೂ ನಮ್ಮ ಪಾಲಿಗೆ ತಾಯಿ ತಂದೆ ಇದ್ದಂಗೆ. ಇನ್ನೇನ್ ಹೇಳ್ಲಿ." ಸ್ಟುಡಿಯೋದ ಕಿಟಕಿಗೆ ಈಗಿರುವ ಗಟ್ಟಿ ಕಂಬಿಗಳನ್ನು ಅವರೇ ಯಾರಿಗೂ ಹೇಳದೆ ಒಂದು ಭಾನುವಾರ ಬಂದು ಬೆಸೆದು ಹೋಗಿದ್ದರು.

ಅಂದಿನಿಂದ ಅಕ್ಕ ಯಾರ ಮುಖವನ್ನೂ ನುಣುಪು ಮಾಡಿಲ್ಲ. ಮಾಡಿಕೊಡಿ ಎಂದು ಹಟ ಹಿಡಿಯುವವರಿಗೆ ಮುಖ್ಯರಸ್ತೆಯ ದೊಡ್ಡ ಸ್ಟುಡಿಯೋ ತೋರಿಸುತ್ತಾರೆ. ಗಿರಾಕಿ ಹೋದರೆ ಬೇಸರವಿಲ್ಲವೇ ಎಂದರೆ ನಗುತ್ತಾರೆ.

ಬಾಗಿಲಲ್ಲಿ ಆಗಲೇ ಫೋನ್ ಹಿಡಿದ ಇಬ್ಬರು ನಿಂತಿದ್ದಾರೆ. ನಾನು ಏಳುವ ಮುನ್ನ, ಓದುಗರಿಗೆ ಏನಾದರೂ ಹೇಳುತ್ತೀರಾ ಎಂದು ಕೇಳುತ್ತೇನೆ. ಅಕ್ಕ ಪರದೆಯಿಂದ ಕಣ್ಣು ಕೀಳದೆ ಯೋಚಿಸುತ್ತಾರೆ.

"ಪ್ರತಿ ಮನೇಲೂ ಎಲ್ಲರ ವಿಡಿಯೋ ತೆಗೆಯೋರು ಒಬ್ಬರು ಇರ್ತಾರೆ. ವಾರಕ್ಕೊಂದ್ಸಲ ಅವರ ಕೈಯಿಂದ ಫೋನ್ ಇಸ್ಕೊಂಡು, ನೀನು ಹೋಗಿ ನಿಂತ್ಕೋ ಅನ್ನಿ. ನನ್ನ ಕೆಲಸ ಕಮ್ಮಿ ಆದ್ರೆ ಆಗ್ಲಿ."