ಕೆಂಪು ಬೈಂಡಿನ ಪುಸ್ತಕ

ನಮ್ಮ ಲೈಬ್ರರಿಯ ಆ ಹುಡುಗಿಯನ್ನು ಮೂಲೆಗೆ ಕೂರಿಸಿದ್ದು ಮೇಲಿನವರಲ್ಲ, ನಾನು.

ಮಧುಗಿರಿಯ ಕಾಲೇಜೊಂದರ ಲೈಬ್ರರಿಯಲ್ಲಿ ನಾನು ಅಟೆಂಡರ್. ನಾಲ್ಕನೇ ಕ್ಲಾಸು ಓದಿದವಳು, ಮೊಮ್ಮಕ್ಕಳನ್ನು ಕಂಡವಳು. ಲೈಬ್ರರಿಯನ್ ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಪಾಠ ಹೇಳುವ ಮೇಷ್ಟ್ರೊಬ್ಬರಿಗೆ ಉಸ್ತುವಾರಿ ಕೊಟ್ಟರು. ಕೆಲಸವೆಲ್ಲ ಮಾಡುತ್ತಿದ್ದವಳು ಆ ಹುಡುಗಿ, ತೋವಿನಕೆರೆಯಿಂದ ಬಸ್ಸಿನಲ್ಲಿ ಬರುವ ಸಹಾಯಕಿ. ಪುಸ್ತಕವೆಲ್ಲ ಬೀರುವಿನೊಳಗೆ, ಬೀರುವಿಗೆ ಬೀಗ. ಹುಡುಗರು ಚೀಟಿ ಬರೆದು ಕೊಟ್ಟರೆ ನಾವು ತೆಗೆದು ಕೊಡಬೇಕು. ಒಳಗೇನಿದೆಯೆಂದು ತಿಳಿಯದವರು ಏನೆಂದು ಬರೆಯುತ್ತಾರೆ?

ಅವಳನ್ನು ತುಮಕೂರಿಗೆ ನಾಯಕತ್ವದ ತರಬೇತಿಗೆ ಕಳಿಸಿದರು. ಮೂರು ದಿನ. ಬಂದವಳೇ ನನ್ನ ಕೈಯಲ್ಲಿ ಬೀಗ ತೆಗೆಸಿದಳು.

"ಮೇಷ್ಟ್ರನ್ನ ಕೇಳಿದ್ಯೇನಮ್ಮ?"

"ಎಲ್ಲಾದ್ಕೂ ಕೇಳ್ಕಂಡು ಕುಂತ್ರೆ ಆಯ್ತು ಬುಡಜ್ಜಿ. ಮೂರು ದಿನ ಅವರ ಉಪ್ಪಿಟ್ಟು ತಿಂದು ಸುಮ್ನೆ ಬಂದ್ಬುಟ್ನಾ? ಸಂಜೆ ಪುಸ್ತಕ ಜೋಡ್ಸೋದು ನಿಂದು. ಅದಕ್ಕೆ ನೀನೇ ಯಜಮಾನ್ತಿ."

ಇಷ್ಟು ವರ್ಷದಲ್ಲಿ ನನಗೆ ಆ ಮಾತು ಯಾರೂ ಆಡಿರಲಿಲ್ಲ. ನಾಲ್ಕು ದಿನ ಹುಡುಗರು ಬೀರುಗಳ ಮುಂದೆ ನಿಂತೇ ಓದಿದರು. ಐದನೇ ದಿನ ಇಂಗ್ಲಿಷಿನ ದಪ್ಪ ಪುಸ್ತಕವೊಂದು ಕಾಣಲಿಲ್ಲ. ಮೇಷ್ಟ್ರು ಬಂದರು.

"ಯಾರನ್ನ ಕೇಳಿ ಬೀಗ ತೆಗೆದ್ರಿ?"

ಅವಳು ಬಾಯಿ ಬಿಡುವ ಮೊದಲೇ ನಾನು ಕೈ ತೋರಿಸಿದೆ. "ನಂಗೇನ್ ಗೊತ್ತು ಸಾ, ಇವಮ್ಮ ತೆಗಿ ಅಂದ್ಲು, ತೆಗ್ದೆ."

ಇಲ್ಲಿ ನಾನು ಚೆನ್ನಾಗಿ ಕಲಿತ ವಿದ್ಯೆ ಅದೊಂದೇ.

"ಹಂಗಾದ್ರೆ ಜವಾಬ್ದಾರಿ ನಿಮ್ದೇ. ತಪ್ಪಾಯ್ತು ಅಂತ ಬರೆದುಕೊಡಿ," ಎಂದು ಅವಳಿಗೆ ಹೇಳಿ ಬೀಗ ಹಾಕಿಸಿದರು. ಅವಳು ಬರೆದುಕೊಟ್ಟಳು. "ಬಸ್ಸಿಗೆ ಹೊತ್ತಾಯ್ತು ಅಜ್ಜಿ" ಅಂದಳು, ಹೋದಳು.

ಮಾರನೇ ಬೆಳಿಗ್ಗೆ ಬೀರು ತೆಗೆದು ಒರೆಸುವಾಗ ಪುಸ್ತಕ ಸಿಕ್ಕಿತು, ಅದರ ದಪ್ಪ ನೋಡಿ ಗುರುತು ಹಿಡಿದೆ. ಇಂಗ್ಲಿಷ್ ಅಕ್ಷರ ನನಗೆ ಬಾರದು, ಬೆನ್ನಿನ ಬಣ್ಣ ನೋಡಿ ಜೋಡಿಸುತ್ತೇನೆ. ಅದಕ್ಕೆ ಹೊಸದಾಗಿ ಕೆಂಪು ಬೈಂಡು ಹಾಕಿಸಿದ್ದರು. ನಾನೇ ಅದನ್ನು ಹಳೇ ಕೆಂಪು ರಿಪೋರ್ಟುಗಳ ಸಾಲಿನಲ್ಲಿ ಇಟ್ಟಿದ್ದೆ. ಮೇಷ್ಟ್ರ ಹತ್ತಿರ ಒಯ್ದು, ನಾನೇ ತಪ್ಪಿ ಇಟ್ಟಿದ್ದೆ ಎಂದು ಹೇಳಿದೆ.

"ಸಿಕ್ತಲ್ಲ, ಸರಿ. ಬೀಗ ಇರ್ಲಿ," ಅಂದರು.

ಅವಳು ಬಂದು ಮೂಲೆಯಲ್ಲಿ ಹುಡುಗರ ಚೀಟಿ ಹಿಡಿದು ಕೂತಿದ್ದಳು. "ನೀನು ಹೂಂ ಅನ್ನಮ್ಮ, ಈಗ್ಲೇ ಎಲ್ಲಾ ಬೀಗ ತೆಗಿತೀನಿ" ಅಂದೆ.

"ನಂಗೇನ್ ಗೊತ್ತಜ್ಜಿ. ಮೇಷ್ಟ್ರನ್ನ ಕೇಳು."

ನನ್ನ ಮಾತನ್ನೇ ಕಲಿತಿದ್ದಳು. ಪುಸ್ತಕವನ್ನು ಅದರ ಜಾಗಕ್ಕೆ ಸೇರಿಸಿ ಬೀರುವಿಗೆ ಬೀಗ ಹಾಕಿದೆ.